ಗೇಣಗಲದ ಕಡಲ ವಿಮಾನಗಳು

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ, ಹೀಗೆ ಮನುಷ್ಯನು ಕೂಡಿಡದ ವಸ್ತುವೇ ಇಲ್ಲವೆನ್ನಬೇಕು. ಸಂಗ್ರಾಹಕರ ಈ ದೊಡ್ಡ ಬಳಗದಲ್ಲಿ ಒಂದು ಪಂಗಡದವರ ಒಲವು ತೀರ ವಿಶಿಷ್ಟವಾದುದು. ಎರಡನೆಯ ಮಹಾಯುದ್ಧದಲ್ಲಿ ಕಡಲ ಮೇಲೆ ಹಾರಿ ಹೋರಾಡಿದ ನೌಕಾದಳದ ವಿಮಾನಗಳ ಪುಟ್ಟ ಲೋಹಪ್ರತಿಕೃತಿಗಳನ್ನು ಅವರು ಗಾಜಿನ ಬೀರುಗಳಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಕಂಡವರು ‘ಮಕ್ಕಳ ಆಟಿಕೆ’ ಎಂದು ನಕ್ಕು ಮುಂದೆ ಸಾಗಬಹುದು. ಆದರೆ ಆ ಸಾಲಿನಲ್ಲಿರುವ ಒಂದು ವಿಮಾನದ ಮೂಲವನ್ನು ಜಗತ್ತಿನ ಯಾವ ವಸ್ತುಸಂಗ್ರಹಾಲಯದಲ್ಲಿಯೂ ನೋಡುವಂತಿಲ್ಲ ಎಂದು ತಿಳಿದರೆ ಆ ನಗೆ ನಿಂತೀತು.

ಆರಡಿಗೆ ಒಂದು ಅಂಗುಲ

ಇಂಥ ಪ್ರತಿಕೃತಿಗಳಲ್ಲಿ ಹೆಚ್ಚಿನವು ಮೂಲದ 72ರಲ್ಲಿ ಒಂದು ಪಾಲಿನಷ್ಟಿರುತ್ತವೆ. ಆರಡಿ ಎತ್ತರದ ವೈಮಾನಿಕನು ಇಲ್ಲಿ ಒಂದೇ ಅಂಗುಲ. 1930ರ ದಶಕದ ಬ್ರಿಟನ್ನಿನಲ್ಲಿ ಹವ್ಯಾಸಿಗಳಿಗಾಗಿ ಬಳಕೆಗೆ ಬಂದ ಈ ಅಳತೆಯನ್ನು ಯುದ್ಧವು ಪಾಠಶಾಲೆಗೆ ಕರೆತಂದಿತು. 1942ರಲ್ಲಿ ಅಮೆರಿಕದ ನೌಕಾದಳವು ಇದೇ ಅಳತೆಯ ಐದು ಲಕ್ಷ ಮಾದರಿಗಳನ್ನು ಮರದಲ್ಲಿ ಕೆತ್ತಿಕೊಡುವಂತೆ ಶಾಲೆಯ ವಿದ್ಯಾರ್ಥಿಗಳನ್ನು ಕೋರಿತು. ಕಪ್ಪು ಬಣ್ಣ ಬಳಿದ ಆ ಮಾದರಿಯನ್ನು 35 ಅಡಿ ದೂರದಲ್ಲಿ ಎತ್ತಿ ಹಿಡಿದರೆ, ಸುಮಾರು ಅರ್ಧ ಮೈಲಿಯಾಚೆ ಹಾರುತ್ತಿರುವ ನಿಜವಾದ ವಿಮಾನದಂತೆಯೇ ಕಾಣುತ್ತಿತ್ತು. ಬರುತ್ತಿರುವವನು ಶತ್ರುವೋ ಮಿತ್ರನೋ ಎಂಬುದನ್ನು ಕ್ಷಣಾರ್ಧದಲ್ಲಿ ನಿರ್ಣಯಿಸಬೇಕಾದ ಯೋಧರಿಗೆ ಅದೇ ಪಠ್ಯಪುಸ್ತಕವಾಯಿತು.

ಇಂದಿನ ಸಂಗ್ರಾಹಕರ ಕೈಯಲ್ಲಿರುವುದು ಮರವಲ್ಲ, ಲೋಹ. ಕರಗಿಸಿದ ಸತುವಿನ ಮಿಶ್ರಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿನೊಳಕ್ಕೆ ನುಗ್ಗಿಸಿ ಒಡಲನ್ನೂ ರೆಕ್ಕೆಗಳನ್ನೂ ಎರಕ ಹೊಯ್ಯುತ್ತಾರೆ. ‘ಡೈಕಾಸ್ಟ್’ ಎಂಬ ಹೆಸರು ಬಂದುದು ಇದರಿಂದಲೇ. ಲಿವರ್‌ಪೂಲಿನ ಮೆಕ್ಯಾನೋ ಸಂಸ್ಥೆಯು 1934ರಲ್ಲಿಯೇ ‘ಡಿಂಕಿ’ ಎಂಬ ಹೆಸರಿನಲ್ಲಿ ಎರಕದ ಪುಟ್ಟ ವಿಮಾನಗಳನ್ನು ಮಾರುಕಟ್ಟೆಗೆ ತಂದಿತು. ಆ ಕಾಲದ ಎಷ್ಟೋ ಮಾದರಿಗಳು ಈಗ ಬಿರುಕುಬಿಟ್ಟು ಉದುರುತ್ತಿವೆ. ಸತುವಿನಲ್ಲಿ ಸೀಸದ ಲೇಶ ಬೆರೆತಿದ್ದರೂ ಸಾಕು, ತೇವದ ಗಾಳಿಯಲ್ಲಿ ಲೋಹವು ಒಳಗಿನಿಂದಲೇ ಉಬ್ಬಿ ಒಡೆಯುತ್ತದೆ. ಈ ರೋಗಕ್ಕೆ ಮದ್ದಿಲ್ಲ. ಆದುದರಿಂದ ಬಲ್ಲ ಸಂಗ್ರಾಹಕರು ಬೀರುವನ್ನು ತೇವಕ್ಕೂ ನೇರ ಬಿಸಿಲಿಗೂ ದೂರವಿಡುತ್ತಾರೆ. ಧೂಳನ್ನು ಮೆತ್ತನೆಯ ಕುಂಚದಿಂದ ಮಾತ್ರ ಒರಸುತ್ತಾರೆ.

ಕೆಂಪು ಬೊಟ್ಟಿನ ಸಾಕ್ಷ್ಯ

ಕೊಳ್ಳುವ ಮೊದಲು ನಿಜವಾದ ಸಂಗ್ರಾಹಕನು ಬೆಲೆಯನ್ನಲ್ಲ, ಗುರುತುಗಳನ್ನು ನೋಡುತ್ತಾನೆ. ಅಮೆರಿಕದ ವಿಮಾನಗಳ ಲಾಂಛನವಾದ ಬಿಳಿಯ ನಕ್ಷತ್ರದ ನಡುವೆ ಮೊದಲು ಒಂದು ಕೆಂಪು ಬೊಟ್ಟಿತ್ತು. ಜಪಾನಿನ ಲಾಂಛನವೂ ಕೆಂಪು ಸೂರ್ಯನೇ. ಅವಸರದಲ್ಲಿ ಒಂದನ್ನು ಮತ್ತೊಂದೆಂದು ಭ್ರಮಿಸಬಾರದೆಂದು 1942ರ ಮೇ ತಿಂಗಳಲ್ಲಿ ಆ ಬೊಟ್ಟನ್ನು ಅಳಿಸಲಾಯಿತು. ಆದುದರಿಂದ ಅದೇ ವರ್ಷದ ಜೂನ್ ತಿಂಗಳ ಮಿಡ್‌ವೇ ಕದನದ ವಿಮಾನವೆಂದು ಹೇಳಿಕೊಳ್ಳುವ ಪ್ರತಿಕೃತಿಯ ನಕ್ಷತ್ರದಲ್ಲಿ ಕೆಂಪು ಕಂಡರೆ, ಅದು ಸುಳ್ಳು ಸಾಕ್ಷಿ!

ರೆಕ್ಕೆಗಳಿಗೂ ಒಂದು ಕಥೆಯಿದೆ. ವಿಮಾನವಾಹಕ ನೌಕೆಯಲ್ಲಿ ಅಂಗುಲ ಅಂಗುಲಕ್ಕೂ ಬೆಲೆ. ಲೆರಾಯ್ ಗ್ರಮನ್ ಎಂಬ ತಂತ್ರಜ್ಞನು ರಬ್ಬರಿನ ತುಂಡಿಗೆ ಕಾಗದದ ಕ್ಲಿಪ್ಪುಗಳನ್ನು ಚುಚ್ಚಿ, ಹಕ್ಕಿಯಂತೆ ಹಿಂದಕ್ಕೆ ಮಡಿಚುವ ರೆಕ್ಕೆಯ ಉಪಾಯವನ್ನು ಕಂಡುಕೊಂಡನೆಂಬುದು ಪ್ರಸಿದ್ಧ ಕಥೆ. ಅದರ ಫಲವಾಗಿ 38 ಅಡಿ ಅಗಲದ ‘ವೈಲ್ಡ್‌ಕ್ಯಾಟ್’ ವಿಮಾನವು ಸುಮಾರು 14 ಅಡಿಗೆ ಕುಗ್ಗಿತು. ಆ ಕೀಲನ್ನು ತೋರಿಸದ ಪ್ರತಿಕೃತಿಯು ಎಷ್ಟೇ ಹೊಳೆದರೂ ಬಲ್ಲವರ ಕಣ್ಣಿಗೆ ಅಪೂರ್ಣವೇ.

ಮರಳದ ಹದಿನೈದು

ಇನ್ನು ಮೊದಲು ಹೇಳಿದ ಆ ವಿಮಾನ. ಅದರ ಹೆಸರು ‘ಡೆವಸ್ಟೇಟರ್’. 1937ರಲ್ಲಿ ಅಮೆರಿಕದ ನೌಕಾದಳವನ್ನು ಸೇರಿದಾಗ ಅದು ನವೀನವೆನಿಸಿತ್ತು. ಐದೇ ವರ್ಷಗಳಲ್ಲಿ ಮುದಿಯಾಯಿತು. 1942ರ ಜೂನ್ 4ರಂದು ಮಿಡ್‌ವೇ ದ್ವೀಪದ ಬಳಿ ‘ಹಾರ್ನೆಟ್’ ನೌಕೆಯಿಂದ ಎಂಟನೆಯ ಟಾರ್ಪಿಡೋ ದಳದ 15 ಡೆವಸ್ಟೇಟರುಗಳು ಹೊರಟುವು. ಟಾರ್ಪಿಡೋವನ್ನು ನೀರಿಗಿಳಿಸಬೇಕಾದರೆ ಅವು ತಗ್ಗಿನಲ್ಲಿ, ನಿಧಾನವಾಗಿ, ನೇರವಾಗಿ ಹಾರಬೇಕಿತ್ತು. ಕಾವಲಿಗೆ ಸ್ವಪಕ್ಷದ ಒಂದು ಯುದ್ಧವಿಮಾನವೂ ಜೊತೆಗಿರಲಿಲ್ಲ. ಹದಿನೈದೂ ಕಡಲಿಗುರುಳಿದುವು. ಹಾರಿದ 30 ಮಂದಿಯಲ್ಲಿ ಜಾರ್ಜ್ ಗೇ ಎಂಬ ತರುಣನೊಬ್ಬನೇ ಉಳಿದನು. ಕದನದ ನಡುವೆ ನೀರಿನಲ್ಲಿ ತೇಲುತ್ತಿದ್ದ ಅವನನ್ನು ಮರುದಿನ ಒಂದು ‘ಕ್ಯಾಟಲೀನಾ’ ಕಡಲವಿಮಾನವು ಎತ್ತಿಕೊಂಡಿತು. ಆತ 1994ರಲ್ಲಿ ತೀರಿಕೊಂಡಾಗ ಅವನ ಚಿತಾಭಸ್ಮವನ್ನು ಅದೇ ಕಡಲಿಗೆ ಅರ್ಪಿಸಲಾಯಿತು.

ತಯಾರಾದ ಡೆವಸ್ಟೇಟರುಗಳು ಒಟ್ಟು 130. ಅವುಗಳಲ್ಲಿ ಒಂದಾದರೂ ನೆಲದ ಮೇಲೆ ಪ್ರದರ್ಶನಕ್ಕೆ ಉಳಿದಿಲ್ಲ. ಕೆಲವು ಮಾತ್ರ ಮಾರ್ಷಲ್ ದ್ವೀಪಗಳ ಜಾಲುಯಿಟ್ ಮೊದಲಾದ ಕಡೆ ನೀರಿನ ತಳದಲ್ಲಿ ಮಲಗಿವೆ. 50 ಅಡಿ ರೆಕ್ಕೆಯಗಲದ ಆ ವಿಮಾನವು 72ರ ಅಳತೆಯಲ್ಲಿ ಎಂಟು ಅಂಗುಲಕ್ಕೆ ತುಸು ಹೆಚ್ಚು, ಅಂದರೆ ಒಂದು ಗೇಣಿನೊಳಗೆ ಅಡಕವಾಗುತ್ತದೆ.

ಬೆಳ್ಳಂದೂರಿಗೆ ಬಂದಿಳಿದ ಹಕ್ಕಿ

ಗೇಯನ್ನು ಉಳಿಸಿದ ಕ್ಯಾಟಲೀನಾದ ಜಾತಿಗೂ ಕನ್ನಡನಾಡಿಗೂ ನಂಟುಂಟು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಯುದ್ಧಕಾಲದಲ್ಲಿ ಮಿತ್ರಪಕ್ಷದ ವಿಮಾನಗಳ ದುರಸ್ತಿ ಕೇಂದ್ರವಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾಗಳು ಹತ್ತಿರದ ಬೆಳ್ಳಂದೂರು ಕೆರೆಗೆ ಬಂದಿಳಿದು ಚಿಕಿತ್ಸೆ ಪಡೆಯುತ್ತಿದ್ದುವು. ಕ್ಯಾಟಲೀನಾದ ಪ್ರತಿಕೃತಿಯನ್ನು ಕೈಗೆತ್ತಿಕೊಂಡ ಬೆಂಗಳೂರಿಗನು ತನ್ನೂರಿನ ಚರಿತ್ರೆಯ ಒಂದು ಪುಟವನ್ನೂ ಎತ್ತಿಕೊಂಡಂತೆಯೇ.

ಯುದ್ಧದ ಆಯುಧಗಳನ್ನು ಅಲಂಕಾರವಾಗಿಡುವುದು ಯುದ್ಧವನ್ನೇ ಕೊಂಡಾಡಿದಂತಲ್ಲವೆ? ಈ ಆಕ್ಷೇಪಣೆ ತಳ್ಳಿಹಾಕತಕ್ಕದ್ದಲ್ಲ. ಹೊಳಪಿಗಾಗಿ, ಮುಂದೆ ಬೆಲೆ ಏರೀತೆಂಬ ಆಸೆಗಾಗಿ ಕೊಂಡಿಟ್ಟವನಿಗೆ ಅದು ಸಲ್ಲುತ್ತದೆ. ಆದರೆ ನಕ್ಷತ್ರದ ಬೊಟ್ಟು ಸರಿಯಿದೆಯೇ ಎಂದು ತಡಕುವವನು ಹುಡುಕುತ್ತಿರುವುದು ಒಂದು ನಿಶ್ಚಿತವಾದ ದಿನವನ್ನು. ಆ ದಿನ ಹಾರಿ ಮರಳದ ನಿಶ್ಚಿತ ಮನುಷ್ಯರನ್ನು. ಗೇಣಗಲದ ಡೆವಸ್ಟೇಟರಿನಲ್ಲಿ ಮೂವರು ಕೂರುವ ತಾವಿದೆ. ಅಲ್ಲಿ ಕುಳಿತಿದ್ದವರ ಹೆಸರನ್ನು ಬಲ್ಲವನ ಬೀರುವಿನಲ್ಲಿ ಅದು ಆಟಿಕೆಯಲ್ಲ, ವೀರಗಲ್ಲು.