ಸದ್ದು ಅಡಗಿದರೆ ಕಿವಿ ಉಳಿಯಿತೇ?

ಗ್ರಾನೈಟ್ ಕತ್ತರಿಸುವಾಗ, ಗ್ರೈಂಡರ್ ಹಿಡಿಯುವಾಗ ಕೆಲವರು ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ‘ಸದ್ದೇ ಕೇಳಿಸಲ್ಲ, ಇನ್ನು ಕಿವಿಗೇನಾಗುತ್ತೆ?’ ಎಂಬ ಧೈರ್ಯ. ಈ ಧೈರ್ಯ ಕಿವಿಗೆ ಕುತ್ತು ತರುತ್ತದೆ.

ಆ ಹೆಡ್‌ಫೋನಿನ ಮೈಕ್ ಹೊರಗಿನ ಸದ್ದನ್ನು ಹಿಡಿಯುತ್ತದೆ. ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಸ್ಪೀಕರ್ ಹೊರಡಿಸುತ್ತದೆ. ಎರಡೂ ಒಂದನ್ನೊಂದು ಕಳೆಯುತ್ತವೆ. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೊರಟಿದ್ದ, ಬೋಸ್ ಆಡಿಯೋ ಕಂಪನಿಯ ಸ್ಥಾಪಕ ಅಮರ್ ಬೋಸ್, ವಿಮಾನದ ಮೊರೆತದಲ್ಲಿ ಸಂಗೀತ ಕೇಳಿಸದೆ ಬೇಸತ್ತು ಅಲ್ಲೇ ಇದರ ಲೆಕ್ಕಾಚಾರಕ್ಕೆ ಕೂತರು. ಇಂಜಿನ್, ಫ್ಯಾನುಗಳಂತೆ ಒಂದೇ ಸಮನೆ ಮೊರೆಯುವ ಸದ್ದಿಗೆ, ಹೆಚ್ಚಾಗಿ 1000 ಹರ್ಟ್ಸ್‌ಗಿಂತ ಕೆಳಗಿನದಕ್ಕೆ, ಈ ತಂತ್ರ ಚೆನ್ನಾಗಿ ಒಗ್ಗುತ್ತದೆ. ಬಸ್ಸಿನಲ್ಲಿ ವಾಲ್ಯೂಮ್ ಏರಿಸದೆ ಹಾಡು ಕೇಳಬಹುದು. ಅದು ನಿಜವಾದ ಲಾಭವೇ. ಕಲ್ಲಿಗೆ ಬ್ಲೇಡ್ ತಾಗಿದಾಗಿನ ಕಿರ್ರೆನ್ನುವ ಸದ್ದಿಗೆ ಮಾತ್ರ ಇದು ಸಾಲದು. ಅಲ್ಲಿ ಅಡ್ಡ ನಿಲ್ಲುವುದು ಕಿವಿಯ ಸುತ್ತಲಿನ ಕುಶನ್ ಒಂದೇ. ಪಟಾಕಿಯಂಥ ದಿಢೀರ್ ಸಿಡಿತದ ಮುಂದಂತೂ ಈ ತಂತ್ರ ಸೋಲುತ್ತದೆ.

ಅತಿ ಸದ್ದಿಗೆ ಮೊದಲು ಸಾಯುವುದು ಒಳಕಿವಿಯಲ್ಲಿ 4000 ಹರ್ಟ್ಸ್ ಆಸುಪಾಸಿನ ಸದ್ದನ್ನು ಗ್ರಹಿಸುವ ಕೂದಲಕೋಶಗಳು. ಮತ್ತೆ ಹುಟ್ಟುವುದಿಲ್ಲ. ಮಾತು ಕೇಳಿಸುತ್ತದೆ, ‘ಸ’, ‘ಶ’ ಜಾರಿಹೋಗುತ್ತವೆ. ಹೆಂಡತಿ ‘ಸಾರು’ ಎಂದರೆ ಗಂಡನಿಗೆ ‘ಆರು’ ಎಂದು ಕೇಳಿಸುತ್ತದೆ. ನೋವಿಲ್ಲದ್ದರಿಂದ ಆಸ್ಪತ್ರೆಗೆ ಹೋಗುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ.

ಕೆಲಸಗಾರರ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ. 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ಗ್ರೈಂಡರ್ ಸದ್ದು ಅಲ್ಲಿಗೆ ಮುಟ್ಟುವುದುಂಟು.

ಕೆಲಸಕ್ಕೆ ಬೇಕಾದದ್ದು ಇಯರ್‌ಪ್ಲಗ್ ಅಥವಾ ಇಯರ್‌ಮಫ್. ಎಷ್ಟು ಸದ್ದು ತಡೆಯುತ್ತದೆಂದು ಪರೀಕ್ಷಿಸಿದ ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ ಅಂಕಿ ಅದರ ಪೊಟ್ಟಣದ ಮೇಲಿರುತ್ತದೆ. ಹಾಡು ಕೇಳುವ ಹೆಡ್‌ಫೋನುಗಳಲ್ಲಿ ಸಾಮಾನ್ಯವಾಗಿ ಇದು ಸಿಗದು. ಹತ್ತಿಯಂತೂ ತಡೆಯೇ ಅಲ್ಲ.

ಫೋಮ್ ಪ್ಲಗ್ ಹಾಕುವುದಕ್ಕೂ ಕ್ರಮವಿದೆ. ಶುದ್ಧ ಕೈಯಲ್ಲಿ ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಉಬ್ಬುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಬೇಕು. ಅರ್ಧಕ್ಕೇ ಬಿಟ್ಟರೆ ಪೊಟ್ಟಣದ ಅಂಕಿ ಲೆಕ್ಕಕ್ಕಿಲ್ಲ. ಪ್ಲಗ್, ಮಫ್ ಕೊಳ್ಳುವ ಹೊಣೆ ಕೂಲಿಯವನದಲ್ಲ, ಕೆಲಸ ಮಾಡಿಸುವವರದು. ಸಂಜೆ ಮನೆಗೆ ಬಂದ ಮೇಲೂ ಕಿವಿ ಗುಂಯ್ ಎನ್ನುತ್ತಿದ್ದರೆ ತಡ ಮಾಡದೆ ಕಿವಿ ಎಷ್ಟು ಕೇಳಿಸುತ್ತದೆಂದು ಅಳೆಯುವ ಆಡಿಯೋಮೆಟ್ರಿ ಪರೀಕ್ಷೆ ಮಾಡಿಸಬೇಕು.