ಕೋಶಕ್ಕೂ ಕಮಟು ಹಿಡಿಯುತ್ತದೆ

ಊರಿಂದ ಅಮ್ಮ ಕಳಿಸಿದ ಚಕ್ಕುಲಿ ಡಬ್ಬ ಹಾಸ್ಟೆಲಿನ ಟ್ರಂಕಿನಲ್ಲಿ ಎರಡು ಮೂರು ತಿಂಗಳು ಕೂತರೆ ಏನಾಗುತ್ತೆ, ಗೊತ್ತಲ್ಲ? (ಅಷ್ಟು ದಿನ ಉಳಿದರೆ ತಾನೆ, ಅಂತಾನೆ ನನ್ನ ರೂಮ್‌ಮೇಟ್.) ಮುಚ್ಚಳ ತೆಗೆದ ಕೂಡಲೆ ಕಮಟು ವಾಸನೆ. ಎಣ್ಣೆ ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಕೆಟ್ಟಿರುತ್ತದೆ. ಇದೇ ಕೇಡು ನಮ್ಮ ಜೀವಕೋಶಗಳಿಗೂ ತಗಲುವುದುಂಟು. ತಗಲಿ ಕೈಮೀರಿದರೆ ಕೋಶ ಸಾಯುತ್ತದೆ.

ಕೋಶದ ಪೊರೆಯಲ್ಲಿ ಮೇದಾಮ್ಲಗಳ ಉದ್ದುದ್ದ ಸರಪಳಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಕೆಲವದರಲ್ಲಿ ದ್ವಿಬಂಧಗಳಿವೆ: ಓಲಿಯಿಕ್ ಆಮ್ಲದಲ್ಲಿ ೧, ಲಿನೊಲಿಯಿಕ್‌ನಲ್ಲಿ ೨, ಅರಾಕಿಡೊನಿಕ್‌ನಲ್ಲಿ ೪. ದ್ವಿಬಂಧವಿದ್ದರೆ ಸರಪಳಿ ಬಾಗುತ್ತದೆ, ಪೊರೆ ಮೆತ್ತಗಿರುತ್ತದೆ. ಕೋಶಕ್ಕೆ ಅದು ಬೇಕೇ ಬೇಕು. ಆದರೆ ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲದ ಜಲಜನಕ ಬಲು ಸಡಿಲ. ಅದು ಕಿತ್ತುಹೋದರೆ ಆ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ. ಕೆಟ್ಟ ಸರಪಳಿ ಪಕ್ಕದ್ದರ ಜಲಜನಕ ಕೀಳುತ್ತದೆ, ಅದು ತನ್ನ ಪಕ್ಕದ್ದರದು. ಹುಲ್ಲಿನ ಬಣವೆಗೆ ಬೆಂಕಿ ಹೊಕ್ಕ ಹಾಗೆ! ಒಂದೇ ದ್ವಿಬಂಧದ ಓಲಿಯಿಕ್‌ಗೆ ಮಾತ್ರ ಈ ಭಯ ಬಹಳ ಕಡಿಮೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ಬೆಂಕಿಗೆ ತುಪ್ಪ ಸುರಿಯುವುದು ಕಬ್ಬಿಣ. ಕೆಟ್ಟ ಮೇದಾಮ್ಲಕ್ಕೆ ಅದು ತಾಕಿದರೆ ಹೊಸ ಕಿಡಿಗಳು ಏಳುತ್ತವೆ. ರಕ್ತಕ್ಕೆ ಬೇಕು ಬೇಕು ಅಂತ ನಾವು ತಿನ್ನುವ ಕಬ್ಬಿಣವೇ!

ಹಾಗಿದ್ರೆ ನಾವು ಬದುಕಿರೋದು ಹೇಗೆ? ಜಿಪಿಎಕ್ಸ್-೪ ಎಂಬ ಕಿಣ್ವದ ದಯೆಯಿಂದ. ಇಟಲಿಯ ಫುಲ್ವಿಯೊ ಉರ್ಸಿನಿ ಮತ್ತು ಸಂಗಡಿಗರು ೧೯೮೨ರಲ್ಲಿ ಹಂದಿಯ ಯಕೃತ್ತಿನಿಂದ ಇದನ್ನು ಬೇರ್ಪಡಿಸಿದರು. ಗ್ಲುಟಾಥಯೋನ್ ಎಂಬ ಪದಾರ್ಥವನ್ನು ಖರ್ಚು ಮಾಡಿ, ಕೆಟ್ಟ ಮೇದಾಮ್ಲಗಳನ್ನು ಇದು ಅಲ್ಲಲ್ಲೇ ಆರಿಸುತ್ತದೆ. ಗ್ಲುಟಾಥಯೋನ್ ತಯಾರಾಗಲು ಹೊರಗಿನಿಂದ ಸಿಸ್ಟೀನ್ ಬರಬೇಕು.

ಕತೆ ಬಿಗಿಯಾಗುವುದು ಇಲ್ಲಿ. ಅಮೆರಿಕದ ಬ್ರೆಂಟ್ ಸ್ಟಾಕ್‌ವೆಲ್ ಗುಂಪು ೨೦೦೩ರಲ್ಲಿ ಎರಾಸ್ಟಿನ್ ಎಂಬ ರಾಸಾಯನಿಕವನ್ನು ಪ್ರಕಟಿಸಿತು. ಅದು ಕೆಲವು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತಿತ್ತು, ಆದರೆ ಆ ಸಾವು ಗೊತ್ತಿದ್ದ ಬಗೆಯದಲ್ಲ. ೧೯೭೨ರಲ್ಲಿ ಹೆಸರು ಪಡೆದ ಅಪೊಪ್ಟೋಸಿಸ್‌ನಲ್ಲಿ ಕೋಶ ತಾನಾಗಿ ಮುದುಡಿ ಚೂರಾಗುತ್ತದೆ. ಗ್ರೀಕಿನಲ್ಲಿ ಆ ಪದಕ್ಕೆ ಎಲೆ ಉದುರುವುದು ಅಂತ ಅರ್ಥ. ಇಲ್ಲಿ ಅದರ ಲಕ್ಷಣವೇ ಇಲ್ಲ. ಕಬ್ಬಿಣವನ್ನು ಹಿಡಿದಿಡುವ ಔಷಧ ಹಾಕಿದರೆ ಮಾತ್ರ ಕೋಶ ಉಳಿಯಿತು. ವಿಟಮಿನ್ ಇ ಹಾಕಿದರೂ ಉಳಿಯಿತು. ಎರಾಸ್ಟಿನ್ ಮಾಡಿದ್ದು ಇಷ್ಟೆ: ಸಿಸ್ಟೀನ್ ಬರುವ ಬಾಗಿಲನ್ನು ಮುಚ್ಚಿದ್ದು. ೨೦೧೨ರಲ್ಲಿ ಸ್ಕಾಟ್ ಡಿಕ್ಸನ್, ಸ್ಟಾಕ್‌ವೆಲ್ ಮೊದಲಾದವರು ಇದಕ್ಕೆ ಫೆರೋಪ್ಟೋಸಿಸ್ ಎಂದು ಹೆಸರಿಟ್ಟರು. ಫೆರಮ್ ಅಂದರೆ ಲ್ಯಾಟಿನ್ನಿನಲ್ಲಿ ಕಬ್ಬಿಣ. ನಾನು 'ಕಬ್ಬಿಣಸಾವು' ಅನ್ನುತ್ತೇನೆ. ಸಂಘದ ಪಂಡಿತರು ಇದಕ್ಕಿಂತ ಒಳ್ಳೆಯ ಪದ ಟಂಕಿಸಿದರೆ ಸಂತೋಷ.

ಔಷಧಕ್ಕೆ ಜಗ್ಗದೆ ಉಳಿದುಕೊಳ್ಳುವ ಕೆಲವು ಕ್ಯಾನ್ಸರ್ ಕೋಶಗಳು ಜಿಪಿಎಕ್ಸ್-೪ನ್ನೇ ನೆಚ್ಚಿಕೊಂಡಿವೆ ಎಂದು ೨೦೧೭ರಲ್ಲಿ ತಿಳಿಯಿತು. ಹಾಗಾದರೆ ಅದನ್ನೇ ಕಟ್ಟಿಹಾಕಿದರಾಯಿತಲ್ಲ? ಅಷ್ಟು ಸುಲಭವಲ್ಲ. ಈ ಕಿಣ್ವದ ಜೀನು ತೆಗೆದ ಇಲಿಮರಿ ಗರ್ಭದಲ್ಲೇ ಸಾಯುತ್ತದೆ. ರಕ್ತ ನಿಂತು ಮತ್ತೆ ಹರಿದಾಗ ಮೂತ್ರಪಿಂಡದ ಕೋಶಗಳು ಸಾಯುವುದರಲ್ಲೂ ಇದರ ಕೈವಾಡವಿದೆ. ಅಲ್ಲಿ ತಡೆಯಬೇಕು, ಕ್ಯಾನ್ಸರಿನಲ್ಲಿ ತರಿಸಬೇಕು.

ಕ್ಯಾನ್ಸರೂ ಸುಮ್ಮನಿಲ್ಲ. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳು ದುಗ್ಧರಸದಲ್ಲಿ ಸಾಗುವಾಗ ಓಲಿಯಿಕ್ ಆಮ್ಲ ತುಂಬಿಕೊಂಡು, ಕಮಟು ಹಿಡಿಯದ ಪೊರೆ ತೊಟ್ಟು, ರಕ್ತಕ್ಕಿಳಿದ ಮೇಲೂ ಬದುಕುತ್ತವೆ. ೨೦೨೦ರಲ್ಲಿ ಇಲಿಗಳಲ್ಲಿ ಇದನ್ನು ಕಂಡರು.