ನೆಟ್ ಇಲ್ಲದ ಕಡೆಯೂ ಲೆಕ್ಕ: ಡೇಟಾಬೇಸ್‌ನಿಂದ ಆಫ್‌ಲೈನ್ ಕ್ಯೂಬ್ ಕಟ್ಟೋದು ಹೇಗೆ?

ಸೇಲ್ಸ್, ಅಕೌಂಟ್ಸ್, ಎಂಐಎಸ್ ಕೆಲಸದಲ್ಲಿ ಇರೋರಿಗೆ ಈ ವಾರದ ಸಂಚಿಕೆ. ಘಟ್ಟದ ಮೇಲೆ ನಿಂತಿದ್ದೀರಿ, ನೆಟ್‌ವರ್ಕ್ ಇಲ್ಲ. ಮಾಲೀಕರು, "ಈ ಲೈನ್‌ಗೆ ವ್ಯಾನ್ ಕಳಿಸೋದು ಲಾಭನಾ, ನಿಲ್ಲಿಸೋಣ್ವಾ?" ಅಂತಾರೆ. ಬಿಲ್‌ಗಳೆಲ್ಲ ಆಫೀಸಿನ ಸರ್ವರ್‌ನಲ್ಲಿವೆ. ಉತ್ತರ ಎಲ್ಲಿಂದ ತರ್ತೀರಿ? ಇದಕ್ಕೇ ಆಫ್‌ಲೈನ್ ಕ್ಯೂಬ್ ಬೇಕಾಗೋದು.

ನಾನು ಬಿಕಾಂ ಓದಿದವನು, ಹಾಗಾಗಿ ನಮ್ಮ ಭಾಷೆಯಲ್ಲೇ ಹೇಳ್ತೀನಿ. ರಿಲೇಷನಲ್ ಡೇಟಾಬೇಸ್ ಅಂದ್ರೆ ಜರ್ನಲ್ ಇದ್ದಂಗೆ. ಪ್ರತಿ ವ್ಯವಹಾರಕ್ಕೆ ಒಂದೊಂದು ಸಾಲು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಈ ಮಾದರಿಯನ್ನು ಮುಂದಿಟ್ಟರು. ಕ್ಯೂಬ್ ಅಂದ್ರೆ ಎಲ್ಲ ದಿಕ್ಕಿನಿಂದಲೂ ಮೊದಲೇ ಕೂಡಿಟ್ಟ ಲೆಡ್ಜರ್. ಇಂಥ ವಿಶ್ಲೇಷಣೆಗೆ 'ಓಲ್ಯಾಪ್' ಅನ್ನೋ ಹೆಸರು ಬಂದದ್ದು 1993ರಲ್ಲಿ, ಅದೂ ಕಾಡ್ ಅವರ ಬರಹದಿಂದಲೇ.

ಒಂದು ಉದಾಹರಣೆ ತಗೊಳ್ಳೋಣ. 31 ಜಿಲ್ಲೆ, 50 ಸರಕು, 12 ತಿಂಗಳು. ಗುಣಿಸಿದರೆ 18,600 ಕೋಶ. ಪ್ರತಿ ದಿಕ್ಕಿಗೂ 'ಒಟ್ಟು' ಅನ್ನೋದೊಂದು ಸೇರಿಸಿ: 32 × 51 × 13, ಅಂದ್ರೆ 21,216. ಬಿಲ್ ಲಕ್ಷಗಟ್ಟಲೆ ಇರಲಿ, ಕೋಟಿಗಟ್ಟಲೆ ಇರಲಿ, ಕ್ಯೂಬ್ ಇದಕ್ಕಿಂತ ದೊಡ್ಡದಾಗಲ್ಲ. ಸಾಮಾನ್ಯ ಲ್ಯಾಪ್‌ಟಾಪ್‌ಗೆ ಇದು ಏನೂ ಅಲ್ಲ.

ಕಟ್ಟೋದು ಹೇಗೆ? ಮೊದಲು ಪ್ರಶ್ನೆಗಳನ್ನು ಬರ್ಕೊಳ್ಳಿ. ಯಾವ ದಿಕ್ಕುಗಳು ಬೇಕು, ಯಾವ ಮೊತ್ತ ಬೇಕು? ಸಿಕ್ಕಿದ್ದೆಲ್ಲ ತುರುಕಬೇಡಿ. ಮೂರು ದಿಕ್ಕಿಗೆ 8 ಬಗೆಯ ಕೂಡಿಕೆ ಆದ್ರೆ, ಹತ್ತು ದಿಕ್ಕಿಗೆ 1,024 ಆಗುತ್ತೆ.

ಎರಡನೇದು, ಬಿಲ್ ಟೇಬಲ್‌ಗೆ ಜಿಲ್ಲೆ, ಸರಕುಗಳ ಟೇಬಲ್ ಜೋಡಿಸಿ. ಇಲ್ಲಿ ಹುಷಾರು. ಒಂದೇ ಬಿಲ್‌ಗೆ ಮೂರು ಕಂತಿನಲ್ಲಿ ಹಣ ಬಂದಿದ್ದು, ಆ ಪಾವತಿ ಟೇಬಲ್ಲನ್ನೂ ಜೋಡಿಸಿದರೆ, ಬಿಲ್ ಮೊತ್ತ ಮೂರು ಸಲ ಎಣಿಕೆಯಾಗುತ್ತೆ.

ಮೂರನೇದು, 'ಗ್ರೂಪ್ ಬೈ ಕ್ಯೂಬ್'. ಜಿಮ್ ಗ್ರೇ ಮತ್ತು ಸಂಗಡಿಗರು 1996ರಲ್ಲಿ ವಿವರಿಸಿದ ಈ ವಿಧಾನ 1999ರ ಎಸ್‌ಕ್ಯೂಎಲ್ ಮಾನದಂಡಕ್ಕೆ ಸೇರಿತು. ಒರಾಕಲ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿದೆ, ಪೋಸ್ಟ್‌ಗ್ರೆಸ್‌ನಲ್ಲಿ 9.5ರಿಂದ ಇದೆ. ಒಂದೇ ಕ್ವೆರಿಗೆ ಎಲ್ಲ ಕೂಡಿಕೆಯೂ ಬರುತ್ತೆ. 'ಒಟ್ಟು' ಇರೋ ಜಾಗದಲ್ಲಿ ನಲ್ ಕಾಣುತ್ತೆ. ಅದು ನಿಜವಾದ ಒಟ್ಟೋ, ಜಿಲ್ಲೆ ತುಂಬದೆ ಬಿಟ್ಟ ಬಿಲ್ಲೋ ಅಂತ 'ಗ್ರೂಪಿಂಗ್' ಫಂಕ್ಷನ್ ಹೇಳುತ್ತೆ.

ನಾಲ್ಕನೇದು, ಬಂದದ್ದನ್ನು ಒಂದು ಫೈಲಾಗಿ ಉಳಿಸಿ. ಡಕ್‌ಡಿಬಿ ಉಚಿತ, ಸರ್ವರ್ ಬೇಡ, ಎಲ್ಲ ಒಂದೇ ಫೈಲ್‌ನಲ್ಲಿ ಇರುತ್ತೆ. ಆಫೀಸಲ್ಲಿ ಅನಾಲಿಸಿಸ್ ಸರ್ವಿಸಸ್ ಇದ್ದರೆ, ಅದರಿಂದ ಎಕ್ಸೆಲ್‌ನ ಪಿವೋಟ್ ಟೇಬಲ್ ಮೂಲಕವೇ ಆಫ್‌ಲೈನ್ ಕ್ಯೂಬ್ ಫೈಲ್ ಮಾಡ್ಬಹುದು.

ಈಗ ಅಸಲಿ ವಿಷಯ. ಕ್ಯೂಬ್‌ನಲ್ಲಿ ಸರಾಸರಿ ಇಡಬೇಡಿ. ಮೊತ್ತ ಇಡಿ, ಎಣಿಕೆ ಇಡಿ. ಯಾಕೆ ಗೊತ್ತಾ? ಒಂದು ತಾಲೂಕಿನಲ್ಲಿ 100 ಬಿಲ್, ಸರಾಸರಿ ₹200. ಇನ್ನೊಂದರಲ್ಲಿ 10 ಬಿಲ್, ಸರಾಸರಿ ₹1,000. ಎರಡು ಸರಾಸರಿಯ ಸರಾಸರಿ ₹600. ಆದ್ರೆ ಒಟ್ಟು ₹30,000ವನ್ನು 110 ಬಿಲ್‌ಗೆ ಭಾಗಿಸಿದರೆ ಸುಮಾರು ₹273 ಮಾತ್ರ. ಮಾಲೀಕರು ₹600 ನೋಡಿ, "ಅದಕ್ಕಿಂತ ಕಮ್ಮಿ ಆರ್ಡರ್‌ಗೆ ವ್ಯಾನ್ ಬೇಡ" ಅಂದ್ರೆ? ಇನ್ನೂರು ರೂಪಾಯಿ ಸಾಮಾನು ತರಿಸೋ ಹಳ್ಳಿ ಅಂಗಡಿಗಳಿಗೆ ಸರಕೇ ಹೋಗಲ್ಲ. ಅಂಗಡಿಯವರ ಹೊಟ್ಟೆ ಮೇಲೂ ಏಟು, ಕಂಪನಿ ವ್ಯಾಪಾರಕ್ಕೂ ಏಟು.

ಗ್ರಾಹಕರ ಸಂಖ್ಯೆಯೂ ಅಷ್ಟೇ. ಜನವರಿಯಲ್ಲಿ ಬಂದವರೇ ಫೆಬ್ರವರಿಯಲ್ಲೂ ಬಂದಿರ್ತಾರೆ. ತಿಂಗಳ ಸಂಖ್ಯೆ ಕೂಡಿಸಿದರೆ ಒಬ್ಬರೇ ಇಬ್ಬರಾಗ್ತಾರೆ. ಇದನ್ನು ಪ್ರತಿ ಮಟ್ಟದಲ್ಲೂ ಮೂಲ ಬಿಲ್‌ಗಳಿಂದಲೇ ಎಣಿಸಬೇಕು.

ಇನ್ನೊಂದು ಮಾತು. ಲ್ಯಾಪ್‌ಟಾಪ್ ಬಸ್ಸಲ್ಲಿ ಕಳೆದುಹೋಗಬಹುದು. ಕ್ಯೂಬ್‌ನಲ್ಲಿ ಹೆಸರು, ಫೋನ್ ನಂಬರ್ ಬೇಕಿಲ್ಲ. ಅದೇ ಇದರ ದೊಡ್ಡ ಅನುಕೂಲ. ಆದ್ರೆ ಒಂದು ಕೋಶದಲ್ಲಿ ಒಬ್ಬರೇ ಗ್ರಾಹಕರಿದ್ದರೆ, ಆ ಮೊತ್ತವೇ ಅವರ ಗುಟ್ಟು ಹೇಳಿಬಿಡುತ್ತೆ. ಅಂಥ ಊರುಗಳನ್ನು ತಾಲೂಕಿಗೆ ಸೇರಿಸಿಬಿಡಿ.

ಹೊರಡೋ ಮುಂಚೆ ಎರಡು ಕೆಲಸ ಮರೀಬೇಡಿ. ಕ್ಯೂಬ್‌ನ ಒಟ್ಟು ಮೊತ್ತ ಮೂಲ ಬಿಲ್ ಟೇಬಲ್‌ನ ಒಟ್ಟಿಗೆ ತಾಳೆಯಾಗ್ತಿದೆಯಾ ನೋಡಿ. ಆಮೇಲೆ, ಡೇಟಾ ಯಾವ ತಾರೀಖಿನವರೆಗಿನದು ಅಂತ ಫೈಲ್ ಹೆಸರಲ್ಲೇ ಬರೀರಿ. ಆಫ್‌ಲೈನ್ ಕ್ಯೂಬ್ ತಾನಾಗೇ ಅಪ್‌ಡೇಟ್ ಆಗಲ್ಲ. ಹಳೇ ಲೆಕ್ಕವನ್ನು ಇವತ್ತಿನದು ಅಂತ ನಂಬಿ ಲೈನ್ ನಿಲ್ಲಿಸಿದರೆ, ತಪ್ಪು ಸಾಫ್ಟ್‌ವೇರ್‌ದಲ್ಲ.